ಕಾಂಡ ದಪ್ಪವಾಗುವುದು ಮತ್ತು ಸಸ್ಯದ ಆಕರಕೋಶಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಂಡಕೋಶ ಎಂದರೆ ಕಾಂಡದಲ್ಲಿರುವ ಕೋಶವೇ?

ಅಲ್ಲ. ಈ ಗೊಂದಲ ಹುಟ್ಟಿದ್ದು ಹೆಸರಿನಿಂದ. ಇಂಗ್ಲಿಷಿನ ಸ್ಟೆಮ್ ಸೆಲ್ ಎಂಬುದಕ್ಕೆ ಪದಕ್ಕೆ ಪದ ಇಟ್ಟು ಕಾಂಡಕೋಶ ಎಂದರು. ಹಾಗಾಗಿ ಮೂಳೆಮಜ್ಜೆಯ ಚಿಕಿತ್ಸೆಯ ಸುದ್ದಿಯೊಳಗೂ ಕಾಂಡ ನುಸುಳಿತು. ಅಲ್ಲಿ ಸ್ಟೆಮ್ ಎಂದರೆ ಗಿಡದ ಕಾಂಡವಲ್ಲ, ವಂಶದ ಬುಡ. ಗಿಡಗಳ ವಿಷಯಕ್ಕೆ ಬಂದಾಗ ಈ ಹೆಸರು ಇನ್ನಷ್ಟು ತೊಡಕು. ಕಾಂಡದ ಬಹುಪಾಲು ಕೋಶಗಳು ಈ ಅರ್ಥದ ಕಾಂಡಕೋಶಗಳಲ್ಲ, ಆದರೆ ಕಾಂಡವೇ ಅಲ್ಲದ ಬೇರಿನ ತುದಿಯಲ್ಲೂ ಅವು ಇವೆ! ಅದಕ್ಕೇ ಇಲ್ಲಿ ಆಕರಕೋಶ ಎಂಬ ಪದವನ್ನೇ ಬಳಸಿದ್ದೇವೆ.

ಆಕರಕೋಶ ಒಡೆದು ಎರಡಾದಾಗ ಒಂದು ಮರಿ ಆಕರಕೋಶವಾಗಿಯೇ ಉಳಿಯುತ್ತದೆ, ಇನ್ನೊಂದು ಬೇರೆ ಕೆಲಸಕ್ಕೆ ತಯಾರಾಗುತ್ತದೆ. ಗಿಡದಲ್ಲಿ ಇವು ಮುಖ್ಯವಾಗಿ ಮೂರು ಕಡೆ ಇರುತ್ತವೆ: ಚಿಗುರಿನ ತುದಿ, ಬೇರಿನ ತುದಿ, ಮತ್ತು ಕಾಂಡ-ಬೇರುಗಳ ಸುತ್ತ ಹಾಳೆಯಂತೆ ಹಬ್ಬಿದ ಕ್ಯಾಂಬಿಯಂ. ಮೊದಲೆರಡು ಗಿಡವನ್ನು ಉದ್ದ ಮಾಡುತ್ತವೆ, ಮೂರನೆಯದು ದಪ್ಪ ಮಾಡುತ್ತದೆ. ಇಂಥ ಬೆಳೆಯುವ ಅಂಗಾಂಶಗಳಿಗೆ ಮೆರಿಸ್ಟೆಮ್ ಎಂದೂ, ಮರದ ಕಡೆಯ, ನೀರು ಸಾಗಿಸುವ ನಾಳಗಳಿಗೆ ಕ್ಸೈಲಂ, ತೊಗಟೆ ಕಡೆಯ, ಸಕ್ಕರೆ ಸಾಗಿಸುವವಕ್ಕೆ ಫ್ಲೋಯಂ ಎಂದೂ ಹೆಸರಿಟ್ಟವರು ಸ್ವಿಸ್ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿ, 1858ರಲ್ಲಿ.

ಕ್ಯಾಂಬಿಯಂ ಸರಿಯಾಗಿ ಎಲ್ಲಿದೆ? ಕಣ್ಣಿಗೆ ಕಾಣುತ್ತದೆಯೇ?

ತೊಗಟೆಗೂ ಮರಕ್ಕೂ ನಡುವೆ. ಚೆನ್ನಾಗಿ ಚಿಗುರುತ್ತಿರುವ ಕಾಲದಲ್ಲಿ ಬೆರಳು ದಪ್ಪದ ಕೊಂಬೆಯೊಂದರ ತೊಗಟೆ ಸುಲಿದರೆ ಅದು ಸಲೀಸಾಗಿ ಬಿಟ್ಟುಕೊಳ್ಳುತ್ತದೆ, ಕೆಳಗಿನ ಮರ ಬೆರಳಿಗೆ ಲೋಳೆ ಲೋಳೆಯಾಗಿ ಹತ್ತುತ್ತದೆ. ಹರಿದದ್ದು ಕ್ಯಾಂಬಿಯಂ ವಲಯದಲ್ಲೇ. ಅಲ್ಲಿನ ಹೊಸ ಕೋಶಗಳ ಗೋಡೆ ತೀರಾ ತೆಳು, ಇನ್ನೂ ಗಟ್ಟಿಯಾಗಿರುವುದಿಲ್ಲ. ಗಿಡ ಸುಪ್ತವಾಗಿರುವಾಗ ಅದೇ ತೊಗಟೆ ಮರಕ್ಕೆ ಅಂಟಿಕೊಂಡಂತಿರುತ್ತದೆ, ಎಳೆದರೆ ಚೂರು ಚೂರಾಗಿ ಕಿತ್ತುಬರುತ್ತದೆ.

ಹಸಿರಾಗಿ ಕಾಣುವ ಪದರವೇ ಕ್ಯಾಂಬಿಯಂ ಎಂದು ಹಲವರು ತಿಳಿದಿದ್ದಾರೆ. ಕೊಂಬೆ ಜೀವಂತವಿದೆಯೇ ಎಂದು ಉಗುರಿನಿಂದ ಕೆರೆದು ನೋಡುವಾಗ ಕಾಣುವ ಹಸಿರು ಹೊರತೊಗಟೆಯ ಕೆಳಗಿನ ಪತ್ರಹರಿತ್ತಿನದು. ಕ್ಯಾಂಬಿಯಂ ಅದಕ್ಕಿಂತ ಒಳಗೆ ಇರುತ್ತದೆ, ಅದಕ್ಕೆ ಬಣ್ಣವಿಲ್ಲ.

ನಿಜವಾದ ಆಕರಕೋಶಗಳ ಹಾಳೆ ಒಂದೇ ಕೋಶದಷ್ಟು ದಪ್ಪ. ಅದರ ಎರಡೂ ಬದಿಗೆ, ಆಗಷ್ಟೇ ಹುಟ್ಟಿ ಇನ್ನೂ ಒಂದೆರಡು ಸಲ ಒಡೆಯಬಲ್ಲ ಕೋಶಗಳು ಕೂಡಿಕೊಂಡು ಕೆಲವು ಸಾಲುಗಳ ವಲಯವಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ವಲಯ ಗುರುತಿಸುವುದು ಸುಲಭ, ಅದರಲ್ಲಿ ಆಕರಕೋಶ ಯಾವ ಸಾಲು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ನೋಡಲು ಎಲ್ಲವೂ ಒಂದೇ ತರಹ.

ಒಂದೇ ಕೋಶ ಒಳಗೆ ಮರವನ್ನೂ ಹೊರಗೆ ತೊಗಟೆಯನ್ನೂ ಮಾಡುತ್ತದೆಯೇ?

ಹೌದು. ಇದರ ಬಗ್ಗೆ ನೂರು ವರ್ಷಕ್ಕೂ ಹೆಚ್ಚು ಕಾಲ ವಾದ ನಡೆಯಿತು. 1873ರಲ್ಲಿ ಸಸ್ಯವಿಜ್ಞಾನಿ ಕಾರ್ಲ್ ಸಾನಿಯೊ ಪೈನ್ ಮರದ ಕೋಶಗಳು ಕೇಂದ್ರದಿಂದ ಹೊರಕ್ಕೆ ನೇರ ಸಾಲಾಗಿ ಜೋಡಣೆಯಾಗಿರುವುದನ್ನು ನೋಡಿ, ಪ್ರತಿ ಸಾಲಿಗೂ ಒಂದೇ ಮೂಲಕೋಶವಿರಬೇಕು ಎಂದರು. ಒಳಗಿಗೊಂದು, ಹೊರಗಿಗೊಂದು ಬೇರೆ ಬೇರೆ ಮೂಲಕೋಶ ಇರಬಹುದಲ್ಲ ಎಂಬ ಸಂಶಯ ಮಾತ್ರ ಉಳಿದಿತ್ತು. 2019ರಲ್ಲಿ ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ಒಂದೊಂದೇ ಕೋಶಕ್ಕೆ ಗುರುತು ಹಾಕಿ ಅದರ ಸಂತತಿಯನ್ನು ಹಿಂಬಾಲಿಸಿದಾಗ, ಒಂದೇ ಕೋಶದ ಮಕ್ಕಳು ಎರಡೂ ಕಡೆ ಸಿಕ್ಕವು. ಸಾನಿಯೊ ಊಹೆ ನಿಂತಿತು.

ಎರಡೂ ಕಡೆಗೆ ಸಮಪಾಲು ಇರುವುದಿಲ್ಲ. ಒಳಗೆ ಕ್ಸೈಲಂ ಕೋಶಗಳು ಹೊರಗಿನ ಫ್ಲೋಯಂ ಕೋಶಗಳಿಗಿಂತ ಹಲವು ಪಟ್ಟು ಹೆಚ್ಚು ಹುಟ್ಟುತ್ತವೆ. ಅದರ ಮೇಲೆ, ಹಳೆಯ ಫ್ಲೋಯಂ ನಜ್ಜುಗುಜ್ಜಾಗಿ ಹೊರಕ್ಕೆ ತಳ್ಳಲ್ಪಟ್ಟು ಕೊನೆಗೆ ಉದುರುತ್ತದೆ, ಕ್ಸೈಲಂ ಇದ್ದಲ್ಲೇ ಶೇಖರವಾಗುತ್ತದೆ. ಮೂರಡಿ ಅಗಲದ ದಿಮ್ಮಿಗೆ ಎರಡು ಬೆರಳಿನಷ್ಟೇ ತೊಗಟೆ ಇರುವುದಕ್ಕೆ ಕಾರಣ ಇದು.

ಮರ ದಪ್ಪವಾದಂತೆ ಕ್ಯಾಂಬಿಯಂ ಹರಿದುಹೋಗುವುದಿಲ್ಲವೇಕೆ?

ಒಳಗಿನಿಂದ ಮರ ಉಬ್ಬುತ್ತಾ ಹೋದರೆ ಮೇಲಿನ ಹಾಳೆ ಬಿರಿಯಬೇಕಲ್ಲ ಎಂಬುದು ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿ ನೋಡಿ. 20 ಸೆಂ.ಮೀ. ವ್ಯಾಸದ ಕಾಂಡ 21 ಸೆಂ.ಮೀ. ಆದರೆ ಸುತ್ತಳತೆ ಸುಮಾರು 3.14 ಸೆಂ.ಮೀ. ಹೆಚ್ಚುತ್ತದೆ. ಒಂದು ಕ್ಯಾಂಬಿಯಂ ಕೋಶದ ಅಗಲ 30 ಮೈಕ್ರಾನ್ ಎಂದಿಟ್ಟುಕೊಂಡರೆ, ಆ ಒಂದು ಅಡ್ಡಗೀಟಿನ ಮೇಲೆಯೇ ಸಾವಿರಕ್ಕೂ ಹೆಚ್ಚು ಹೊಸ ಕೋಶಗಳು ಉಂಗುರಕ್ಕೆ ಸೇರಬೇಕು.

ಇದಕ್ಕಾಗಿ ಕ್ಯಾಂಬಿಯಂ ಎರಡು ದಿಕ್ಕಿನಲ್ಲಿ ಒಡೆಯುತ್ತದೆ. ಸಾಮಾನ್ಯವಾಗಿ ಹೊಸ ಗೋಡೆ ತೊಗಟೆಗೆ ಸಮಾನಾಂತರವಾಗಿ ಏಳುತ್ತದೆ, ಒಂದು ಮರಿ ಒಳಗೆ, ಇನ್ನೊಂದು ಹೊರಗೆ. ಆಗಾಗ ಮಾತ್ರ ತೊಗಟೆಗೆ ಲಂಬವಾಗಿ ಗೋಡೆ ಎದ್ದು, ಎರಡು ಮರಿಗಳೂ ಪಕ್ಕ ಪಕ್ಕ ಹಾಳೆಯಲ್ಲೇ ಉಳಿಯುತ್ತವೆ. ದಪ್ಪಕ್ಕೆ ಮೊದಲನೆಯದು, ಸುತ್ತಳತೆಗೆ ಎರಡನೆಯದು.

ಹಾಳೆಯಲ್ಲಿ ಕೋಶಗಳೂ ಎರಡು ಬಗೆ. ಉದ್ದಕ್ಕೆ ಕದಿರಿನಾಕಾರದವು ನಾಳ, ನಾರುಗಳನ್ನು ಕೊಡುತ್ತವೆ. ಗಿಡ್ಡಗಿನವು ಅಡ್ಡಡ್ಡ ಸಾಗುವ ಕಿರಣಗಳನ್ನು ಕೊಡುತ್ತವೆ. ಕಿರಣಗಳ ಜೀವಂತ ಕೋಶಗಳಲ್ಲಿ ಪಿಷ್ಟ ದಾಸ್ತಾನು ಇರುತ್ತದೆ, ಎಲೆ ಉದುರಿದ ಮರ ಮತ್ತೆ ಚಿಗುರುವುದು ಆ ಗಂಟಿನ ಮೇಲೆ.

ಹೊರಗಿನ ಸಿಪ್ಪೆಗೆ ಈ ಸೌಕರ್ಯವಿಲ್ಲ, ಅದು ಬಿರಿಯುತ್ತದೆ. ಅದಕ್ಕೆಂದೇ ತೊಗಟೆಯೊಳಗೆ ಕಾರ್ಕ್ ಕ್ಯಾಂಬಿಯಂ ಎಂಬ ಇನ್ನೊಂದು ಪದರ ಹುಟ್ಟಿ, ನೀರು ಒಸರದ ಹೊಸ ಹೊದಿಕೆ ಕಟ್ಟುತ್ತದೆ. ಹಳೆಯ ತೊಗಟೆಯ ಬಿರುಕು, ಚಕ್ಕೆ ಎಲ್ಲ ಇದರ ಗುರುತು.

ಈ ಕೋಶಗಳಿಗೆ ಏನು ಮಾಡಬೇಕೆಂದು ಯಾರು ಹೇಳುತ್ತಾರೆ?

ಅಕ್ಕಪಕ್ಕದವರು. ಗಿಡದಲ್ಲಿ ಕೋಶದ ಪಾಲಿನ ಕೆಲಸವನ್ನು ತೀರ್ಮಾನಿಸುವುದು ಅದರ ಹುಟ್ಟಿಗಿಂತ ಅದು ನಿಂತ ಜಾಗ. ಚಿಗುರು ಎಲೆಗಳಿಂದ ಆಕ್ಸಿನ್ ಎಂಬ ಹಾರ್ಮೋನು ಕೆಳಕ್ಕೆ ಇಳಿಯುತ್ತದೆ. ಒಳಬದಿಯಲ್ಲಿ, ಕ್ಸೈಲಂ ಆಗಲು ಹೊರಟ ಕೋಶಗಳಲ್ಲಿ ಆಕ್ಸಿನ್ ಸಂಕೇತ ಅತಿ ಜೋರು. ಅವು ತಾವು ಒಡೆಯುವುದನ್ನು ನಿಲ್ಲಿಸಿ, ಪಕ್ಕದ ಕೋಶ ಆಕರಕೋಶವಾಗಿ ಉಳಿಯುವಂತೆ ನೋಡಿಕೊಳ್ಳುತ್ತವೆ. ಅರಾಬಿಡಾಪ್ಸಿಸ್ ಬೇರಿನಲ್ಲಿ ಇದು ಸ್ಪಷ್ಟವಾಗಿ ಕಂಡಿದೆ.

ಹೊರಬದಿಯ ಫ್ಲೋಯಂನಿಂದ ಬರುವುದು ಬೇರೊಂದು ಸಂದೇಶ: ಬರೀ 12 ಅಮಿನೊ ಆಮ್ಲಗಳ ಒಂದು ಪುಟ್ಟ ಪೆಪ್ಟೈಡ್, ಹೆಸರು ಟಿಡಿಐಎಫ್. ಕ್ಯಾಂಬಿಯಂ ಕೋಶದ ಮೇಲಿರುವ ಪಿಎಕ್ಸ್‌ವೈ ಎಂಬ ಗ್ರಾಹಕಕ್ಕೆ ಅದು ಅಂಟಿಕೊಂಡಾಗ ಎರಡು ಕೆಲಸವಾಗುತ್ತದೆ. ಒಳಗೆ ವಾಕ್ಸ್4 ಎಂಬ ವಂಶವಾಹಿ ಚುರುಕಾಗಿ ಕೋಶ ಒಡೆಯುತ್ತಲೇ ಇರುತ್ತದೆ. ಜೊತೆಗೆ ಆ ಕೋಶ ಅವಸರಪಟ್ಟು ಕ್ಸೈಲಂ ಆಗದಂತೆ ತಡೆ ಬೀಳುತ್ತದೆ. ಪಿಎಕ್ಸ್‌ವೈ ಕೆಟ್ಟ ಗಿಡಗಳಲ್ಲಿ ಕ್ಸೈಲಂ, ಫ್ಲೋಯಂಗಳ ಅಚ್ಚುಕಟ್ಟು ಸಾಲು ಕಲಸಿಹೋಗುತ್ತದೆ. ಬೇರೆ ಹಾರ್ಮೋನುಗಳ ಪೈಕಿ ಸೈಟೊಕೈನಿನ್ ಇಲ್ಲದೆ ಕ್ಯಾಂಬಿಯಂ ಕೆಲಸವೇ ಹೂಡುವುದಿಲ್ಲ. ಜಿಬ್ಬರೆಲಿನ್ ಮರದ ನಾರುಗಳನ್ನು ಉದ್ದವಾಗಿಸುತ್ತದೆ.

ಜಾಗವೇ ಮುಖ್ಯ ಎಂಬುದಕ್ಕೆ ಯುಕೋಮಿಯಾ ಮರ ಒಳ್ಳೆಯ ಸಾಕ್ಷಿ. ಬೆಳೆಯುವ ಕಾಲದಲ್ಲಿ ಅದರ ತೊಗಟೆಯನ್ನು ಸುತ್ತಲೂ ಸುಲಿದು, ಬಯಲಾದ ಮೈಯನ್ನು ಮುಟ್ಟದೆ, ಕೆರೆಯದೆ ಕೂಡಲೇ ಪ್ಲಾಸ್ಟಿಕ್ ಹಾಳೆ ಸುತ್ತಿ ತೇವ ಕಾಪಾಡಿದರೆ, ಮರದ ಮೇಲ್ಮೈಯಲ್ಲಿ ಉಳಿದ ಎಳೆಯ ಕ್ಸೈಲಂ ಕೋಶಗಳೇ ದಾರಿ ಬದಲಿಸುತ್ತವೆ. ಕೆಲವು ಫ್ಲೋಯಂ ಆಗುತ್ತವೆ, ವಾರಗಳಲ್ಲಿ ಹೊಸ ಕ್ಯಾಂಬಿಯಂ, ಹೊಸ ತೊಗಟೆ ಬರುತ್ತದೆ. ಅದೇ ಮೈಯನ್ನು ಬಿಸಿಲಿಗೆ ಒಣಗಲು ಬಿಟ್ಟರೆ ಆ ಕೋಶಗಳು ಸಾಯುತ್ತವೆ, ಜೊತೆಗೆ ಮರವೂ ಸಾಯುತ್ತದೆ.

ತೆಂಗು, ಬಿದಿರು, ಬಾಳೆ ಯಾಕೆ ಹೀಗೆ ದಪ್ಪವಾಗುವುದಿಲ್ಲ?

ಏಕದಳ ಸಸ್ಯಗಳಿಗೆ ಈ ಕ್ಯಾಂಬಿಯಂ ಇಲ್ಲ. ತೆಂಗಿನ ಕಾಂಡದ ನಾಳಗಳು ಉಂಗುರವಾಗಿ ನಿಲ್ಲದೆ ಒಳಗೆಲ್ಲ ಚುಕ್ಕೆ ಚುಕ್ಕೆಯಾಗಿ ಹರಡಿರುತ್ತವೆ. ಗಿಡ ಎಳೆಯದಿರುವಾಗ ತುದಿಯ ಕೆಳಗಿನ ಅಂಗಾಂಶವೇ ಅಗಲವಾಗಿ ಬುಡ ಕಟ್ಟುತ್ತದೆ, ಆಮೇಲೆ ಅದೇ ದಪ್ಪದಲ್ಲಿ ಮೇಲೇರುತ್ತದೆ. ಹತ್ತಲೆಂದು ಕಾಂಡಕ್ಕೆ ಕಡಿದ ಕಚ್ಚುಗಳು ಎಷ್ಟು ವರ್ಷವಾದರೂ ಹಾಗೆಯೇ ಇರುತ್ತವೆ, ಅವನ್ನು ಮುಚ್ಚಲು ಬೇಕಾದ ಹಾಳೆಯೇ ಅಲ್ಲಿಲ್ಲ. ಬಿದಿರು ನೆಲದಿಂದ ಏಳುವಾಗಲೇ ಪೂರ್ತಿ ದಪ್ಪ, ಮುಂದೆ ಗಟ್ಟಿಯಾಗುತ್ತದೆಯೇ ಹೊರತು ಅಗಲವಾಗುವುದಿಲ್ಲ. ಬಾಳೆಯ ದಿಂಡಿನ ಸುತ್ತ ನಮಗೆ ಕಾಣುವುದು ಒಂದರ ಮೇಲೊಂದು ಸುತ್ತಿದ ಎಲೆಬುಡಗಳು. ಡ್ರಸೀನಾದಂಥ ಕೆಲವು ಗಿಡಗಳು ಮಾತ್ರ ಏಕದಳವಾಗಿಯೂ ತಮ್ಮದೇ ಬೇರೊಂದು ಬಗೆಯ ಪದರದಿಂದ ದಪ್ಪವಾಗುತ್ತವೆ.

ಬೀಟ್‌ರೂಟ್ ಅಡ್ಡ ಕೊಯ್ದಾಗ ಕಾಣುವ ಬಳೆಗಳು ವರ್ಷದ ಉಂಗುರಗಳಲ್ಲ. ಒಂದೇ ಗೆಡ್ಡೆಯಲ್ಲಿ ಒಂದರ ಹೊರಗೊಂದು ಹುಟ್ಟಿದ ಹಲವು ಕ್ಯಾಂಬಿಯಂಗಳ ಸಾಲು ಅದು, ಎಲ್ಲವೂ ಒಂದೇ ಋತುವಿನವು. ಕ್ಯಾರೆಟ್ ಕೊಯ್ದರೆ ನಡುವಿನ ತಿರುಳು ಕ್ಸೈಲಂ, ಹೊರಗಿನ ಸಿಹಿ ಭಾಗ ಬಹುತೇಕ ಫ್ಲೋಯಂ, ಎರಡರ ಗಡಿಗೀಟು ಕ್ಯಾಂಬಿಯಂ. ಸೂಕ್ಷ್ಮದರ್ಶಕವಿಲ್ಲದೆ ಮಕ್ಕಳಿಗೆ ತೋರಿಸಲು ಇದಕ್ಕಿಂತ ಸುಲಭದ ಉದಾಹರಣೆ ಇಲ್ಲ.

ಸೂಕ್ಷ್ಮದರ್ಶಕದಲ್ಲಿ ನೋಡುವುದು ಹೇಗೆ?

ಹರಳು ಅಥವಾ ಸೂರ್ಯಕಾಂತಿಯ ಎಳೆ ಗಿಡ ಸಾಕು. ತುದಿಯ ಬಳಿ ಒಂದು ತುಂಡು, ಬುಡದ ಬಳಿ ಒಂದು ತುಂಡು ತೆಗೆದುಕೊಳ್ಳಿ. ಮೇಲಿನದರಲ್ಲಿ ನಾಳಗಳ ಕಂತೆಗಳು ಬಿಡಿ ಬಿಡಿಯಾಗಿರುತ್ತವೆ, ಕ್ಯಾಂಬಿಯಂ ಕಂತೆಯೊಳಗೆ ಮಾತ್ರ. ಬುಡದಲ್ಲಿ ಕಂತೆಗಳ ನಡುವಿನ ಸಾಧಾರಣ ಕೋಶಗಳೂ ಒಡೆಯತೊಡಗಿ ಉಂಗುರ ಕೂಡಿಕೊಂಡಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ದಪ್ಪವಾಗುವ ಕಥೆಯ ಮೊದಲ ಅಧ್ಯಾಯ ಕಣ್ಣೆದುರೇ ಇರುತ್ತದೆ.

ಹೊಸ ಬ್ಲೇಡು ಬಳಸಿ. ತುಂಡನ್ನೂ ಬ್ಲೇಡನ್ನೂ ನೀರಿನಲ್ಲಿ ಅದ್ದಿ, ಬ್ಲೇಡನ್ನು ಕಾಂಡಕ್ಕೆ ನೇರ ಅಡ್ಡವಾಗಿ ಹಿಡಿದು, ಒತ್ತದೆ ಜಾರಿಸಿ ಎಳೆಯುತ್ತಾ ಕೊಯ್ಯಿರಿ. ಹದಿನೈದಿಪ್ಪತ್ತು ಬಿಲ್ಲೆ ಕೊಯ್ದು ನೀರಿನ ತಟ್ಟೆಗೆ ಬಿಡಿ. ಅವುಗಳಲ್ಲಿ ಗಾಜಿನಂತೆ ಪಾರದರ್ಶಕವಾದ ಎರಡು ಮೂರು ಮಾತ್ರ ಕೆಲಸಕ್ಕೆ ಬರುತ್ತವೆ. ಪೂರ್ತಿ ವೃತ್ತ ಬೇಕೆಂದು ಹಟ ಹಿಡಿಯಬೇಡಿ, ಒಂದು ಅಂಚಿನಲ್ಲಿ ತೆಳುವಾದ ತುಣುಕು ದಪ್ಪನೆಯ ಪೂರ್ಣ ಬಿಲ್ಲೆಗಿಂತ ಮೇಲು. ಶೇ 0.05ರ ಟೊಲುಯಿಡಿನ್ ಬ್ಲೂ ದ್ರಾವಣದಲ್ಲಿ ಸುಮಾರು ಒಂದು ನಿಮಿಷ ಇಟ್ಟು, ನೀರು ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆಯಿರಿ. ಗೋಡೆಯನ್ನು ಗಟ್ಟಿ ಮಾಡುವ ಲಿಗ್ನಿನ್ ತುಂಬಿದ ಕ್ಸೈಲಂ ಹಸಿರುಮಿಶ್ರಿತ ನೀಲಿಯಾಗಿಯೂ, ತೆಳುಗೋಡೆಯ ಕೋಶಗಳು ನೇರಳೆ-ಗುಲಾಬಿಯಾಗಿಯೂ ಕಾಣುತ್ತವೆ. ಎರಡು ಬಣ್ಣಗಳ ನಡುವೆ ಇಟ್ಟಿಗೆ ಜೋಡಿಸಿದಂತೆ ಚಪ್ಪಟೆ ಕೋಶಗಳ ಸಾಲು ಇರುತ್ತದೆಯಲ್ಲ, ಅದೇ ಕ್ಯಾಂಬಿಯಂ ವಲಯ. ಮೊದಲು 10 ಪಟ್ಟಿನ ಮಸೂರದಲ್ಲಿ ಹುಡುಕಿ, ಆಮೇಲೆ 40ಕ್ಕೆ ಹೋಗಿ.

ವಲಯ ಮಸುಕಾಗಿ ಕಂಡರೆ ಬಿಲ್ಲೆ ದಪ್ಪ ಅಥವಾ ಕೊಯ್ತ ಓರೆ. ಎಲ್ಲವೂ ಕಡುನೀಲಿಯಾದರೆ ಬಣ್ಣ ಹೆಚ್ಚಾಗಿದೆ. ತೊಗಟೆ ಕಳಚಿ ಬಂದರೆ, ಹರಿದದ್ದು ನೀವು ನೋಡಬೇಕೆಂದಿದ್ದ ಜಾಗದಲ್ಲೇ. ಅಂಥ ತುಂಡನ್ನು ಒಂದೆರಡು ದಿನ ಅರ್ಧಕ್ಕರ್ಧ ಆಲ್ಕೋಹಾಲ್-ನೀರಿನಲ್ಲಿ ನೆನೆಸಿಟ್ಟು ಕೊಯ್ದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಕಸಿ ಹಿಡಿಯುವುದಕ್ಕೂ ಕ್ಯಾಂಬಿಯಂಗೂ ಏನು ಸಂಬಂಧ?

ಕಸಿ ಎಂದರೆ ಎರಡು ಹಾಳೆಗಳ ಬೆಸುಗೆ. ಗಾಯದ ಬಳಿ ಎರಡೂ ಕಡೆಯಿಂದ ಮೃದು ಗಂಟು, ಅಂದರೆ ಕ್ಯಾಲಸ್, ಬೆಳೆದು ಒಂದಕ್ಕೊಂದು ಮುಟ್ಟುತ್ತದೆ. ಅದರೊಳಗೆ ಹಳೆಯ ಕ್ಯಾಂಬಿಯಂನ ಎರಡು ತುದಿಗಳನ್ನು ಕೂಡಿಸುವ ಹೊಸ ಕ್ಯಾಂಬಿಯಂ ಹುಟ್ಟುತ್ತದೆ, ಅದು ಹೊಸ ನಾಳಗಳನ್ನು ಕೊಡುತ್ತದೆ. ಮೊದಲೇ ಇದ್ದ ನಾಳಗಳು ನೇರವಾಗಿ ಬೆಸೆದುಕೊಳ್ಳುವುದಿಲ್ಲ. ಒಳಗಿನ ಹಳೆಯ ಮರ ಎಂದೂ ಕೂಡುವುದಿಲ್ಲ, ಹತ್ತಾರು ವರ್ಷದ ಕಸಿಮರವನ್ನು ಸೀಳಿದರೂ ಕೊಯ್ದ ಗೆರೆ ಕಾಣುತ್ತದೆ.

ಮೇಲಿನ ಕಡ್ಡಿ ಸಣ್ಣದು, ಕೆಳಗಿನ ಗಿಡ ದಪ್ಪ ಎಂದಾದರೆ ಕಡ್ಡಿಯನ್ನು ನಡುವಿಗೆ ಇಡಬೇಡಿ. ಅಂದವಾಗಿ ಕಾಣುತ್ತದೆ, ಆದರೆ ಎರಡೂ ಬದಿ ಕ್ಯಾಂಬಿಯಂ ತಪ್ಪಿಹೋಗುತ್ತದೆ. ಒಂದು ಬದಿಗೆ ಸರಿಸಿ ಆ ಬದಿಯನ್ನು ಸರಿಯಾಗಿ ಕೂಡಿಸಿ. ಹೊರ ತೊಗಟೆಯ ಅಂಚುಗಳನ್ನು ಹೊಂದಿಸುವುದೂ ತಪ್ಪು. ದಪ್ಪ ಗಿಡದ ತೊಗಟೆ ದಪ್ಪ, ಅಲ್ಲಿ ಕ್ಯಾಂಬಿಯಂ ಒಳಗಿರುತ್ತದೆ. ಕೊಯ್ತ 3–4 ಸೆಂ.ಮೀ. ಉದ್ದ, ಒಂದೇ ಎಳೆತದಲ್ಲಿ ಸಪಾಟಾಗಿರಲಿ. ಕಡ್ಡಿಯ ಮೊಗ್ಗುಗಳು ಮೇಲ್ಮುಖವಾಗಿಯೇ ಇರಬೇಕು, ಆಕ್ಸಿನ್ ಸಾಗುವುದಕ್ಕೆ ದಿಕ್ಕಿದೆ. ಬಿಗಿಯಾಗಿ ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಕಡ್ಡಿಯ ತುದಿಯನ್ನೂ ಮುಚ್ಚಿ.

ಹತ್ತು ದಿನಕ್ಕೆ ಮೊಗ್ಗು ಉಬ್ಬಿತೆಂದು ಗೆದ್ದೆವೆಂದುಕೊಳ್ಳಬಾರದು. ಕಡ್ಡಿಯ ಸ್ವಂತ ದಾಸ್ತಾನಿನಿಂದಲೂ ಮೊಗ್ಗು ಒಡೆಯುತ್ತದೆ, ನಾಳ ಕೂಡದಿದ್ದರೆ ಆ ಎಲೆಗಳು ಬಾಡುತ್ತವೆ. ಹೊಸ ಎಲೆಗಳು ಪೂರ್ತಿ ಅಗಲವಾಗಿ ಬಿಸಿಲಲ್ಲೂ ನಿಂತರೆ ಮಾತ್ರ ಹಿಡಿದಂತೆ. ಹಿಡಿದ ಮೇಲೆ ಪಟ್ಟಿ ಬಿಚ್ಚುವುದನ್ನು ಮರೆತವರ ಗಿಡಗಳು ಅದೇ ಜಾಗದಲ್ಲಿ ಸೊಂಟ ಕಟ್ಟಿದಂತಾಗಿ ಗಾಳಿಗೆ ಮುರಿಯುತ್ತವೆ.

ಏಕದಳ ಸಸ್ಯಗಳಿಗೆ ಕಸಿಯೇ ಸಾಧ್ಯವಿಲ್ಲ ಎಂದು ಬಹುಕಾಲ ಬರೆದುಕೊಂಡು ಬಂದಿದ್ದೆವು. 2022ರಲ್ಲಿ, ಮೊಳಕೆಯ ಭ್ರೂಣಾವಸ್ಥೆಯ ಅಂಗಾಂಶವನ್ನು ಬಳಸಿದರೆ ಅದೂ ಆಗುತ್ತದೆಂದು ಕೇಂಬ್ರಿಜ್‌ನ ಸಂಶೋಧಕರು ತೋರಿಸಿದರು. ಬೆಳೆದ ಕಾಂಡಕ್ಕೆ ಇದು ಅನ್ವಯಿಸುವುದಿಲ್ಲ.

ಗೂಟಿ ಕಟ್ಟಿದ ಕೊಂಬೆ ಹಸಿರಾಗಿಯೇ ಇದೆ, ಬೇರು ಮಾತ್ರ ಬರಲಿಲ್ಲ. ಯಾಕೆ?

ಗೂಟಿ ಎಂದರೆ ಕೊಂಬೆಯ ತೊಗಟೆಯನ್ನು ಉಂಗುರದಂತೆ ಸುತ್ತಲೂ ತೆಗೆದು, ಅಲ್ಲಿ ತೇವದ ಪಾಚಿ ಕಟ್ಟಿ ಬೇರು ಬರಿಸುವುದು. ಬೇರು ಬರದಿದ್ದರೆ ಹೆಚ್ಚಿನ ಸಲ ಕ್ಯಾಂಬಿಯಂ ಉಳಿದಿರುತ್ತದೆ. ಉಂಗುರ ತೆಗೆಯುವ ಉದ್ದೇಶ ಎಲೆಯಿಂದ ಇಳಿಯುವ ಸಕ್ಕರೆ ಮತ್ತು ಆಕ್ಸಿನ್ ಅಲ್ಲೇ ತಡೆದು ನಿಲ್ಲುವಂತೆ ಮಾಡುವುದು. ನೀರು ಒಳಗಿನ ಮರದ ಮೂಲಕ ಏರುತ್ತಲೇ ಇರುವುದರಿಂದ ಕೊಂಬೆ ಬಾಡುವುದಿಲ್ಲ. ತೊಗಟೆ ಸುಲಿದು ಲೋಳೆಯನ್ನು ಹಾಗೆಯೇ ಬಿಟ್ಟರೆ, ತೇವದ ಪಾಚಿಯ ಕೆಳಗೆ ಯುಕೋಮಿಯಾದಲ್ಲಿ ಆದದ್ದೇ ಇಲ್ಲೂ ಆಗುತ್ತದೆ: ತೊಗಟೆ ಮತ್ತೆ ಕೂಡಿ ಸಕ್ಕರೆ ಕೆಳಗಿಳಿಯುತ್ತದೆ, ಕೊಂಬೆಗೆ ಬೇರು ಬಿಡುವ ತುರ್ತೇ ಇರುವುದಿಲ್ಲ. ಉಂಗುರ 2–3 ಸೆಂ.ಮೀ. ಅಗಲವಿರಲಿ, ಬಯಲಾದ ಮರವನ್ನು ಚಾಕುವಿನ ಬೆನ್ನಿನಿಂದ ಸುತ್ತಲೂ ಕೆರೆದು ಜಾರಿಕೆ ಹೋಗುವಂತೆ ಮಾಡಿ. ಬೇರು ಬರುವುದು ಉಂಗುರದ ಮೇಲಂಚಿನಿಂದ, ಹಾಗಾಗಿ ಪಾಚಿ ಮೇಲಂಚನ್ನು ಚೆನ್ನಾಗಿ ಮುಚ್ಚಬೇಕು.

ಮರದ ಬುಡದಲ್ಲಿ ಸುತ್ತಲೂ ತೊಗಟೆ ಹೋಗಿದೆ. ಉಳಿಸಬಹುದೇ?

ಒಂದು ಬದಿಯಲ್ಲಿ ಸ್ವಲ್ಪ ತೊಗಟೆ ಉಳಿದಿದ್ದರೂ ಆಸೆ ಇದೆ. ಪೂರ್ತಿ ಸುತ್ತು ಹೋಗಿದ್ದರೆ ಮೇಲಿನ ಎಲೆಗಳು ತಿಂಗಳುಗಟ್ಟಲೆ ಹಸಿರಾಗಿರಬಹುದು, ಅಷ್ಟರಲ್ಲಿ ಬೇರು ಹಸಿವಿನಿಂದ ಸಾಯುತ್ತಿರುತ್ತದೆ. ಕಿತ್ತ ತೊಗಟೆ ಹಸಿಯಾಗಿದ್ದರೆ ತಡಮಾಡದೆ, ತಲೆಕೆಳಗಾಗದಂತೆ ಅದೇ ಜಾಗಕ್ಕೆ ಒತ್ತಿ, ಪ್ಲಾಸ್ಟಿಕ್ ಸುತ್ತಿ ನೆರಳು ಮಾಡಿ. ತೊಗಟೆ ಸಿಗದಿದ್ದರೆ ಸೇತುವೆ ಕಸಿ: ಅದೇ ಜಾತಿಯ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಗಾಯದ ಕೆಳಗೂ ಮೇಲೂ ತೊಗಟೆಯಡಿ ಸೇರಿಸಿ, 5–8 ಸೆಂ.ಮೀ.ಗೆ ಒಂದರಂತೆ ಸುತ್ತಲೂ ಕೂರಿಸುವುದು. ಕಡ್ಡಿ ಸ್ವಲ್ಪ ಬಿಲ್ಲಿನಂತೆ ಬಾಗಿರಲಿ, ಮರ ಅಲುಗಿದಾಗ ಕಿತ್ತುಬರುವುದಿಲ್ಲ. ತೊಗಟೆ ಸಲೀಸಾಗಿ ಬಿಡುವ ಕಾಲದಲ್ಲಷ್ಟೇ ಇದು ಸಾಧ್ಯ.

ಗಾಯಕ್ಕೆ ಡಾಂಬರು, ಬಣ್ಣ ಬಳಿಯುವ ರೂಢಿ ಬಿಡುವುದು ಒಳ್ಳೆಯದು. ಅದರಿಂದ ಕೊಳೆತ ನಿಲ್ಲುವುದಿಲ್ಲ, ಅಂಚಿನ ಜೀವಂತ ಕ್ಯಾಂಬಿಯಂಗೆ ಮಾತ್ರ ಪೆಟ್ಟು. ಮರ ಗಾಯವನ್ನು ನಮ್ಮ ಚರ್ಮದಂತೆ ವಾಸಿ ಮಾಡಿಕೊಳ್ಳುವುದಿಲ್ಲ. ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿ, ಅದರ ಮೇಲೆ ಹೊಸ ಮರ ಬೆಳೆಸುತ್ತದೆ. ಅಮೆರಿಕದ ಮರತಜ್ಞ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ಇದನ್ನು ತೋರಿಸಿಕೊಟ್ಟರು.

ಒಳಗೆ ಪೊಳ್ಳಾದ ಮರ ಬದುಕುವುದು ಹೇಗೆ?

ನಡುವಿನ ಚೇಗಿನಲ್ಲಿ ಜೀವಂತ ಕೋಶಗಳೇ ಇಲ್ಲ. ಕ್ಯಾಂಬಿಯಂ ಮತ್ತು ಹೊರಗಿನ ಬಿಳಿ ಮರ ಸರಿಯಿದ್ದರೆ ಊಟ, ನೀರು ಎರಡೂ ನಡೆಯುತ್ತವೆ. ಗಾಳಿಗೆ ಮುರಿಯುವ ಅಪಾಯ ಬೇರೆ ಮಾತು.

ಆಕರಕೋಶಗಳಿಗೆ ವಯಸ್ಸಾಗುವುದಿಲ್ಲವೇ?

ಗಿಂಕೊ ಮರಗಳಲ್ಲಿ, 15 ವರ್ಷದಿಂದ 667 ವರ್ಷದವರೆಗಿನವನ್ನು ಹೋಲಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹಳೆಯ ಮರಗಳ ಕ್ಯಾಂಬಿಯಂ ನಿಧಾನವಾಗಿತ್ತು, ಆದರೆ ಮುಪ್ಪಿಗೆ ಸಂಬಂಧಿಸಿದ ವಂಶವಾಹಿಗಳ ಚಟುವಟಿಕೆ ಹೆಚ್ಚಿರಲಿಲ್ಲ. 4,800 ವರ್ಷ ಮೀರಿದ ಬ್ರಿಸಲ್‌ಕೋನ್ ಪೈನ್‌ಗಳಿವೆ. ಅಂಥ ಮುದಿಮರಗಳಲ್ಲಿ ಎಷ್ಟೋ ಬಾರಿ ಸುತ್ತಳತೆಯ ಒಂದು ಪಟ್ಟಿ ಮಾತ್ರ ಜೀವಂತವಾಗಿರುತ್ತದೆ, ಉಳಿದ ಮೈ ಬೋಳು. ಉಂಗುರ ವರ್ಷ ವರ್ಷ ಕಿರಿದಾಗುವುದನ್ನೇ ಮುಪ್ಪೆಂದು ಓದಬೇಡಿ: ಅಷ್ಟೇ ಮರವನ್ನು ದೊಡ್ಡ ಸುತ್ತಳತೆಗೆ ಹರಡಿದರೆ ಪದರ ತೆಳ್ಳಗಾಗಲೇಬೇಕು.

ಸುತ್ತಳತೆ ನೋಡಿ ಮರದ ವಯಸ್ಸು ಹೇಳಬಹುದೇ?

ನಂಬುವಂತಿಲ್ಲ. ನೆರಳು, ನೀರು, ಇಕ್ಕಟ್ಟು ಎಲ್ಲವೂ ದಪ್ಪವನ್ನು ಬದಲಿಸುತ್ತವೆ. ತೇಗದಂಥ ಮರಗಳಲ್ಲಿ ಉಂಗುರ ಸ್ಪಷ್ಟ, ವರ್ಷವಿಡೀ ಮಳೆ ಬೀಳುವ ಕಾಡಿನ ಹಲವು ಮರಗಳಲ್ಲಿ ಉಂಗುರವೇ ಇರುವುದಿಲ್ಲ. ನಡುವೆ ಬರ ಬಂದು ಮತ್ತೆ ಮಳೆಯಾದರೆ ಒಂದೇ ವರ್ಷಕ್ಕೆ ಎರಡು ಉಂಗುರವೂ ಬೀಳಬಹುದು. ಬೆಳವಣಿಗೆ ಅಳೆಯುವುದಾದರೆ ಎದೆಮಟ್ಟದಲ್ಲಿ, ಪ್ರತಿ ಸಲವೂ ಬಣ್ಣದಿಂದ ಗುರುತಿಟ್ಟ ಅದೇ ಜಾಗದಲ್ಲಿ, ಬೆಳಗ್ಗೆಯೇ ಅಳೆಯಿರಿ. ಹಗಲು ಎಲೆಗಳು ನೀರೆಳೆಯುವಾಗ ಕಾಂಡ ಮಿಲಿಮೀಟರಿನ ಭಾಗದಷ್ಟು ಕುಗ್ಗಿ, ರಾತ್ರಿ ಮತ್ತೆ ಉಬ್ಬುತ್ತದೆ.

ನೆಟ್ಟ ಸಸಿ ಉದ್ದಕ್ಕೆ ಹೋಗುತ್ತಿದೆ, ಬುಡ ದಪ್ಪವಾಗುತ್ತಿಲ್ಲ. ಏನು ಮಾಡಬೇಕು?

ಕೆಳಗಿನ ಸಣ್ಣ ಕೊಂಬೆಗಳನ್ನು ಅವಸರಪಟ್ಟು ಸವರಬೇಡಿ. ಅವುಗಳ ಸಕ್ಕರೆ, ಆಕ್ಸಿನ್ ಇಳಿಯುವುದು ನೇರ ಬುಡಕ್ಕೆ. ಗೂಟಕ್ಕೆ ಬಿಗಿದು ಕಟ್ಟಿದ್ದರೆ ಸಡಿಲಿಸಿ, ಗಾಳಿಗೆ ಸ್ವಲ್ಪ ಓಲಾಡಿದ ಕಾಂಡವೇ ದಪ್ಪವಾಗುವುದು. ಕಟ್ಟು ಅಗಲ ಪಟ್ಟಿಯದಾಗಿರಲಿ, ತಂತಿ ಬೇಡ. ತಂತಿ ಆಗಲೇ ತೊಗಟೆಯೊಳಗೆ ಹೂತುಹೋಗಿದ್ದರೆ ಎಳೆದು ಕೀಳಬಾರದು, ಎಳೆದರೆ ಅದರ ಮೇಲೆ ಹಬ್ಬಿದ ಹೊಸ ಕ್ಯಾಂಬಿಯಂ ಹರಿಯುತ್ತದೆ. ಹೊರಗೆ ಕಾಣುವ ಕಡೆಗಳಲ್ಲಿ ಎರಡು ಮೂರು ಕಡೆ ಕತ್ತರಿಸಿ, ಉಳಿದದ್ದನ್ನು ಮರಕ್ಕೇ ಬಿಡಿ.

ಸಸ್ಯದ ಆಕರಕೋಶವಿರುವ ಮುಖಕ್ರೀಮುಗಳು ಚರ್ಮವನ್ನು ಹೊಸದಾಗಿಸುತ್ತವೆಯೇ?

ಡಬ್ಬಿಯಲ್ಲಿರುವುದು ಪ್ರಯೋಗಾಲಯದಲ್ಲಿ ಬೆಳೆಸಿದ ಸಸ್ಯಕೋಶಗಳ ಸಾರ, ಜೀವಂತ ಕೋಶವಲ್ಲ. ಜೀವಂತವಿದ್ದರೂ ಸೇಬಿನ ಕೋಶ ಮನುಷ್ಯನ ಚರ್ಮವಾಗುವುದಿಲ್ಲ. ಸಸ್ಯದ ಆಕರಕೋಶಗಳ ನಿಜವಾದ ಬಳಕೆ ಬೇರೆ ಕಡೆ ಇದೆ. ಯೂ ಮರದ ಕ್ಯಾಂಬಿಯಂ ಕೋಶಗಳನ್ನು ಪಾತ್ರೆಯಲ್ಲಿ ಬೆಳೆಸಿ ಕ್ಯಾನ್ಸರ್ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್ ಪಡೆಯುವ ವಿಧಾನ 2010ರಲ್ಲಿ ಪ್ರಕಟವಾಯಿತು. ಸಾಧಾರಣ ಕ್ಯಾಲಸ್ ಕೃಷಿಯಲ್ಲಿ ಕೋಶಗಳು ಗಂಟುಗಂಟಾಗಿ, ತಲೆಮಾರು ಕಳೆದಂತೆ ಗುಣ ಬದಲಿಸುತ್ತವೆ. ಕ್ಯಾಂಬಿಯಂನಿಂದ ನೇರವಾಗಿ ತೆಗೆದ ಕೋಶಗಳು ಹಾಗಾಗದೆ ಬಿಡಿಬಿಡಿಯಾಗಿ, ಒಂದೇ ಹದದಲ್ಲಿ ಬೆಳೆದವು.